ಹೆಬ್ಬೆರಳಷ್ಟು ಹೊರಗೆ

ಹಲ್ಲಿನ ಡಾಕ್ಟರು ಕರೆಯದೆ ಯಾರ ಬಾಗಿಲಿಗಾದರೂ ಬಂದರೆಂದರೆ ಅವರಿಗೇ ಏನೋ ತಲೆನೋವು ಅಂಟಿಕೊಂಡಿದೆ ಎಂದು ಅರ್ಥ. ಹಲ್ಲು ಕೀಳುವುದರಲ್ಲಿ ಅವರ ಕೈ ಹಗುರ. ಬಾಯಿಂದ ಮಾತು ತೆಗೆಯುವುದೇ ಅವರಿಗೆ ಕಷ್ಟ. ಅವತ್ತು ಮಧ್ಯಾಹ್ನ ಗುಬ್ಬಿಯ ಅಂಗಡಿಗೆ ಬಂದವರು ಸ್ಟೂಲಿನ ತುದಿಯಲ್ಲಿ ಕೂತು ಸೆಕೆಯ ವಿಷಯ ಆಡಿದರು, ಈಗಿನ ಶಟಲ್‌ಗಳ ಗರಿ ಬೇಗ ಉದುರುತ್ತದೆ ಎಂದರು, ತಾಯಿಯ ಕಣ್ಣು ಹೇಗಿದೆ ಎಂದು ವಿಚಾರಿಸಿದರು. ಗುಬ್ಬಿ ಎಲ್ಲದಕ್ಕೂ ಹೂಂಗುಟ್ಟುತ್ತ, ಯಂತ್ರಕ್ಕೆ ಸಿಕ್ಕಿಸಿದ ಬ್ಯಾಟಿನ ತೂತುಗಳಲ್ಲಿ ತಂತಿ ಪೋಣಿಸುತ್ತಿದ್ದಳು.

ಗುಬ್ಬಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಚಿಕ್ಕ ಹುಡುಗಿಯಾಗಿ ಬ್ಯಾಡ್ಮಿಂಟನ್ ಹಾಲಿಗೆ ಕಾಲಿಟ್ಟಾಗ ಬ್ಯಾಟು ಅವಳನ್ನು ಹಿಡಿದಿದೆಯೋ ಅವಳು ಬ್ಯಾಟನ್ನು ಹಿಡಿದಿದ್ದಾಳೋ ತಿಳಿಯುತ್ತಿರಲಿಲ್ಲವಂತೆ. ಆಗ ಅಂಟಿದ ಹೆಸರು, ಮತ್ತೆ ಬಿಡಲಿಲ್ಲ. ಲೀಗಿನಲ್ಲಿ ಸಂಬಳಕ್ಕೆ ಆಡಿ ಪೇಪರಿನಲ್ಲಿ ಫೋಟೋ ಬಂದಾಗಲೂ ಗುಬ್ಬಿ, ಆಟ ಬಿಟ್ಟು ಅದೇ ಹಾಲಿನ ಎದುರು ಬ್ಯಾಟುಗಳಿಗೆ ಗಟ್ಟಿಂಗ್ ಹಾಕುವ ಅಂಗಡಿ ತೆರೆದಾಗಲೂ ಗುಬ್ಬಿ. ಹರಿದ ತಂತಿ ಬಿಚ್ಚಿ ಹೊಸದನ್ನು ಬಿಗಿಯುವುದು ಅವಳ ಕೆಲಸ. ಕೆಳಗೆ ಅಂಗಡಿ, ಮೇಲೆ ಅವಳೂ ತಾಯಿಯೂ ಇರುವ ಎರಡು ಕೋಣೆಯ ಮನೆ. ನಲವತ್ತರ ಹೊಸ್ತಿಲಲ್ಲಿದ್ದಾಳೆ, ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಆದರೂ ಬೀದಿಯ ಮಕ್ಕಳೆಲ್ಲ ಅವಳನ್ನು ಗುಬ್ಬಿ ಚಿಕ್ಕಮ್ಮ ಎಂದೇ ಕರೆಯುತ್ತಾರೆ.

"ಏಣಿ ಬಂದಿದ್ದಾಳೆ," ಎಂದರು ಡಾಕ್ಟರು ಕೊನೆಗೆ.

ತಂತಿ ಗುಬ್ಬಿಯ ಬೆರಳಿನಿಂದ ಜಾರಿ ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ.

ಒಮ್ಮೆ ಬಾಯಿ ತೆರೆದ ಮೇಲೆ ಡಾಕ್ಟರು ಒಂದೇ ಉಸಿರಿಗೆ ಹೇಳಿ ಮುಗಿಸಿದರು. "ಜೈಲು ಮುಗಿದು ಎಷ್ಟೋ ದಿನ ಆಯ್ತು. ಆಟದಿಂದ ಹಾಕಿದ್ದ ನಿಷೇಧಾನೂ ಮೊನ್ನೆ ಮೊನ್ನೆ ಮುಗೀತು. ನಮ್ಮ ಹಾಲಿನಲ್ಲಿ ಮಕ್ಕಳಿಗೆ ಕಲಿಸೋ ಕೆಲಸ ಖಾಲಿ ಇದೆಯಲ್ಲ, ಅದನ್ನ ಕೇಳ್ಕೊಂಡು ಬಂದಿದ್ದಾಳೆ. ಬೇರೆ ಊರಲ್ಲೆಲ್ಲ ಹೆಸರು ಹೇಳ್ತಿದ್ದ ಹಾಗೇ ಬಾಗಿಲು ಹಾಕಿದ್ರಂತೆ. ನಮ್ಮ ಕಮಿಟಿಲಿ ಅರ್ಧ ಜನ ಕೊಡೋಣ ಅಂತಾರೆ, ಅರ್ಧ ಜನ ಗೇಟೊಳಗೂ ಬಿಡಬೇಡಿ ಅಂತಾರೆ. ಕಾರ್ಯದರ್ಶಿ ಅಂತ ನನ್ನ ತಲೆ ಮೇಲೆ ಕೂತಿದ್ದಾರೆ ಎಲ್ರೂ. ಕೊನೆಗೆ ಒಂದು ಮಾತಿಗೆ ಬಂದ್ವಿ."

"ಏನಂತ?"

"ಮೋಸ ಹೋದೋಳು ಗುಬ್ಬಿ. ಅವಳು ಹೂಂ ಅಂದ್ರೆ ಕೆಲಸ, ಊಹೂಂ ಅಂದ್ರೆ ಇಲ್ಲ, ಅಂತ."

"ಚೆನ್ನಾಗಿದೆ ನಿಮ್ಮ ನ್ಯಾಯ," ಎಂದಳು ಗುಬ್ಬಿ. "ಬೆಕ್ಕಿಗೆ ಗಂಟೆ ಕಟ್ಟೋಕೆ ಗುಬ್ಬೀನೇ ಬೇಕಾಯ್ತಾ?"

ಡಾಕ್ಟರು ನಗಲು ಹೋಗಿ ನಿಲ್ಲಿಸಿದರು. "ನಮ್ಮ ಸೊಸೆ ಅಂತೂ ಕಟ್ಟಾ ವಿರೋಧಿ. ಮೊಮ್ಮಗಳು ಅಲ್ಲೇ ಕಲೀತಿರೋದಲ್ವಾ. ಅವಳೊಂದು ಮಾತು ಹೇಳಿದ್ಲು, ನನಗೆ ಉತ್ತರ ಹೊಳೀಲಿಲ್ಲ. ಗೆಲ್ಲೋದನ್ನ ಯಾರು ಬೇಕಾದ್ರೂ ಕಲಿಸ್ತಾರೆ ಮಾವ, ಮಕ್ಕಳಿಗೆ ಸೋಲೋದನ್ನ ಕಲಿಸೋದೇ ಕಷ್ಟ, ಸೋಲನ್ನ ಮಾರಿಕೊಂಡೋಳು ಅದನ್ನ ಯಾವ ಮುಖ ಇಟ್ಕೊಂಡು ಕಲಿಸ್ತಾಳೆ, ಅಂದ್ಲು."

ಸೋಮವಾರ ಕಮಿಟಿ ಸೇರುತ್ತದೆ, ಅಷ್ಟರಲ್ಲಿ ಹೇಳಿದರೆ ಸಾಕು ಎಂದು ಡಾಕ್ಟರು ಎದ್ದರು. ಹೊರಗೆ ಹೋಗುವಾಗ ಅವರ ಮುಖದಲ್ಲಿ ಹೊರೆ ಇಳಿಸಿದ ನೆಮ್ಮದಿಯಿತ್ತು. ಇಳಿಸಿದ್ದು ಯಾರ ಹೆಗಲ ಮೇಲೆ ಎಂದು ಅವರು ತಿರುಗಿ ನೋಡಲಿಲ್ಲ.

ಏಣಿ ಎಂದರೆ ಗುಬ್ಬಿಯ ಡಬಲ್ಸ್ ಜೊತೆಗಾತಿ. ಎತ್ತರಕ್ಕೆ ಬಂದ ಹೆಸರು. ಹಿಂದೆ ನಿಂತು ಅವಳು ಹೊಡೆದರೆ ಶಟಲ್ ಮಹಡಿಯಿಂದ ಬಿದ್ದ ಹಾಗೆ ಬೀಳುತ್ತಿತ್ತು. ಮುಂದೆ ನೆಟ್ಟಿನ ಬಳಿ ಗುಬ್ಬಿ ಹೆಕ್ಕುತ್ತಿದ್ದಳು. ಒಬ್ಬಳಿಗೆ ಹಸಿವಾದರೆ ಇನ್ನೊಬ್ಬಳು ತಟ್ಟೆ ಹುಡುಕುವಂಥ ಜೋಡಿ. ಏಣಿಗೆ ತಾಯಿ ಇರಲಿಲ್ಲ, ಗುಬ್ಬಿಯ ತಾಯಿಯನ್ನೇ ದೊಡ್ಡಮ್ಮ ಎನ್ನುತ್ತಿದ್ದಳು, ವಾರದಲ್ಲಿ ನಾಲ್ಕು ದಿನ ಅವರ ಮನೆಯಲ್ಲೇ ಉಣ್ಣುತ್ತಿದ್ದಳು. ಲೀಗಿನ ಫೈನಲ್‌ಗೆ ಬಂದಾಗ ಗೆಲುವು ಇವರದೇ ಎಂದು ಎದುರಾಳಿಗಳಿಗೂ ಗೊತ್ತಿತ್ತು.

ಸೋತರು. ಅದೂ ಗುಬ್ಬಿಯ ಬ್ಯಾಕ್‌ಹ್ಯಾಂಡಿನಿಂದ ಸೋತರು ಎಂದು ಎಲ್ಲರೂ ಕಣ್ಣಾರೆ ಕಂಡರು. ಇಬ್ಬರ ನಡುವೆ ಬಂದ ಶಟಲ್ ಪ್ರತಿಸಲವೂ ಅವಳ ಎಡಗಡೆಗೆ ಬೀಳುತ್ತಿತ್ತು, ಅವಳ ಕೈ ಪ್ರತಿಸಲವೂ ಕ್ಷಣ ತಡವಾಗುತ್ತಿತ್ತು. ಅವತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಗುಬ್ಬಿ ಏಣಿಯ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. "ನನ್ನಿಂದ ಸೋತ್ವಿ ಕಣೇ, ನನ್ನ ಕ್ಷಮಿಸಿಬಿಡೇ," ಎಂದಳು. ಏಣಿ ಅವಳ ತಲೆ ಸವರಿದಳು. "ಹೋಗ್ಲಿ ಬಿಡೇ ಗುಬ್ಬಿ, ಆಗುತ್ತೆ," ಎಂದಳು.

ಆಮೇಲೆ ಗುಬ್ಬಿ ಆ ಕೈಯನ್ನು ತಿದ್ದಲು ಹೊರಟಳು. ಒಬ್ಬ ಕೋಚು ಹಿಡಿತ ಬದಲಿಸು ಎಂದ, ಇನ್ನೊಬ್ಬ ಭುಜ ತಿರುಗಿಸು ಎಂದ. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಮಾಡುವವಳ ಮಣಿಕಟ್ಟಿನಲ್ಲಿ ಎಲುಬಿತ್ತು. ಬೆಳಗಿಂದ ಸಂಜೆವರೆಗೆ ಗೋಡೆಗೆ ಹೊಡೆದು ಹೊಡೆದು ಅದು ಊದಿಕೊಂಡಿತು. ಇಲ್ಲದ ತಪ್ಪನ್ನು ತಿದ್ದಲು ಹೋಗಿ, ಇದ್ದ ಕೈಯನ್ನೂ ಕಳೆದುಕೊಂಡಳು. ತಂಡ ಅವಳನ್ನು ಕೈಬಿಟ್ಟಿತು.

ಅದು ಇಲ್ಲದ ತಪ್ಪು ಎಂದು ಗೊತ್ತಾದದ್ದು ಕೋರ್ಟಿನಲ್ಲಿ. ಎಲ್ಲೋ ಸಿಕ್ಕಿಬಿದ್ದ ಬೆಟ್ಟಿಂಗ್ ದಳ್ಳಾಳಿಯೊಬ್ಬ ಏಣಿಯ ಹೆಸರು ಹೇಳಿದ್ದ. ಸಾಕ್ಷಿಗೆಂದು ಗುಬ್ಬಿಯನ್ನೂ ಕರೆಸಿದರು. ವಕೀಲರು ಆ ಫೈನಲ್ಲಿನ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ಏಣಿ ಬ್ಯಾಟೆತ್ತಿ, ತಾನೇ ಹೊಡೆಯುವವಳ ಹಾಗೆ ಒಂದು ಹೆಜ್ಜೆ ಮುಂದಿಟ್ಟು, ಕಡೇ ಗಳಿಗೆಯಲ್ಲಿ ಬಿಟ್ಟುಬಿಡುತ್ತಿದ್ದಳು. ಜೊತೆಗಾತಿಯನ್ನು ನಂಬಿ ನಿಂತ ಗುಬ್ಬಿಯ ಕೈ ತಡವಾಗದೆ ಏನು ಮಾಡೀತು? ಏಣಿ ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ದುಡ್ಡು ತೆಗೆದುಕೊಂಡೆ, ಸೋತೆ ಎಂದಳು. ಜೈಲಾಯಿತು, ನಿಷೇಧವಾಯಿತು, ಪೇಪರಿನವರು ಒಂದು ವಾರ ಉಗಿದು ಮರೆತರು.

ಗುಬ್ಬಿ ಮರೆಯಲಿಲ್ಲ. ಕದ್ದವರನ್ನು ಕ್ಷಮಿಸಬಹುದೇನೋ. ತಾನೇ ಕದ್ದು, ಕಳೆದುಕೊಂಡವಳ ಬಾಯಿಂದಲೇ ಕ್ಷಮೆ ಕೇಳಿಸಿಕೊಂಡವಳನ್ನು ಏನು ಮಾಡುವುದು?

ಸಂಜೆ ಅವಳು ಮೇಲೆ ಹೋದಾಗ ಅಮ್ಮ ಕಿಟಕಿಯ ಬಳಿ ಪರದೆಯ ಅಂಚು ಹೊಲಿಯುತ್ತ ಕೂತಿದ್ದಳು. ಡಾಕ್ಟರು ಬಂದದ್ದು, ಹೇಳಿದ್ದು, ಎಲ್ಲವನ್ನೂ ಗುಬ್ಬಿ ಒದರಿದಳು. ಅಮ್ಮ ತಲೆ ಎತ್ತಲಿಲ್ಲ.

"ಅವಳು ಬಂದಿರೋದು ನನಗೆ ಗೊತ್ತು," ಎಂದಳು.

"ಯಾರು ಹೇಳಿದ್ರು?"

"ಅವಳೇ."

ದಾರ ಮುಗಿದಿತ್ತು. ಅಮ್ಮ ಹೊಸ ದಾರ ಕತ್ತರಿಸಿ, ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಸೂಜಿಗೆ ಒಂದೇ ಸಲಕ್ಕೆ ಪೋಣಿಸಿದಳು. ಅದನ್ನು ನೋಡುತ್ತಿದ್ದ ಗುಬ್ಬಿಗೆ ಏನೋ ತಟ್ಟಿತು. ವರ್ಷಾನುಗಟ್ಟಲೆ, ತಿಂಗಳಿಗೊಮ್ಮೆ, ಇದೇ ಅಮ್ಮ ಬಸ್ಸು ಹತ್ತಿ ದೂರದ ಕಣ್ಣಿನ ಆಸ್ಪತ್ರೆಗೆ ಹೋಗಿಬರುತ್ತಿದ್ದಳು.

"ಅಮ್ಮಾ, ನಿನ್ನ ಕಣ್ಣಿಗೆ ಏನಾಗಿತ್ತು?"

"ಏನೂ ಆಗಿರಲಿಲ್ಲ."

"ಮತ್ತೆ ಆಸ್ಪತ್ರೆ?"

"ಆಸ್ಪತ್ರೆ ಆ ದಾರೀಲೇ ಇದೆ. ಜೈಲು ಇನ್ನೂ ಎರಡು ಸ್ಟಾಪು ಮುಂದೆ." ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಬೈಯೋಕೇ ಹೋಗಿದ್ದೆ ಕಣೇ, ನಿನ್ನಾಣೆ. ನನ್ನ ಮಗಳ ಕೈ ಮುರಿದೆಯಲ್ಲೇ ಅಂತ ಚೆನ್ನಾಗಿ ಬೈದೆ. ಅಷ್ಟರಲ್ಲಿ ಟೈಮ್ ಆಯ್ತು ಅಂದ್ರು. ಇನ್ನೂ ಬೇಕಾದಷ್ಟು ಉಳಿದಿತ್ತು. ಹಾಗಾಗಿ ಮುಂದಿನ ತಿಂಗಳು ಮತ್ತೆ ಹೋದೆ."

"ಇಷ್ಟು ವರ್ಷಾನೂ ಬೈದೆಯಾ?"

"ಮಧ್ಯೆ ಮಧ್ಯೆ ಊಟ ಮಾಡಿದ್ಯಾ ಅಂತಾನೂ ಕೇಳಿರಬಹುದು. ನೆನಪಿಲ್ಲ."

ಗುಬ್ಬಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಹಿಂದೆಯೇ ನಗುವೂ ನುಗ್ಗಿತು, ನಗುವಿನ ಹಿಂದೆ ಅಳುವೂ. ತನ್ನ ಬೆನ್ನ ಹಿಂದೆ ಏಣಿಗೆ ಒಬ್ಬಳು ತಾಯಿ ಉಳಿದಿದ್ದಳು ಎಂದು ಹೊಟ್ಟೆ ಉರಿಯಿತು. ಉಳಿದಿದ್ದಳಲ್ಲ ಎಂದು ಸಮಾಧಾನವೂ ಆಯಿತು.

"ನಾನೇನು ಹೇಳಲಿ ಅವರಿಗೆ? ನೀನೇ ಹೇಳು."

"ಅದು ನಂಗೆ ಗೊತ್ತಿಲ್ಲ. ನಾನು ಅವಳ ಜೊತೆ ಆಡಿದೋಳಲ್ಲ, ಅವಳಿಗೆ ಊಟ ಹಾಕಿದೋಳು. ಉಣ್ಣೋವಾಗ ಅವಳು ಯಾವತ್ತೂ ಮೋಸ ಮಾಡಲಿಲ್ಲ," ಎಂದು ಅಮ್ಮ ಮತ್ತೆ ಪರದೆ ಎತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ಏಣಿಯೇ ಅಂಗಡಿಗೆ ಬಂದಳು. ಬಾಗಿಲು ತಗ್ಗು, ಮೊದಲೆಲ್ಲ ಹಣೆ ಚಚ್ಚಿಕೊಂಡು ಬಾಗಿಲನ್ನೇ ಬೈಯುತ್ತಿದ್ದವಳು ಈಗ ಬೀದಿಯಿಂದಲೇ ತಲೆ ತಗ್ಗಿಸಿಕೊಂಡು ಬಂದಳು. ಒಳಗೆ ಬಂದ ಮೇಲೂ ತಲೆ ಏಳಲಿಲ್ಲ. ಕೆನ್ನೆ ಒಳಹೋಗಿತ್ತು, ಭುಜ ಬಾಗಿತ್ತು. ಕೈಯಲ್ಲಿ ಹಳೆಯ ಬ್ಯಾಟು, ಅದರ ತಂತಿಗಳು ಸಡಿಲಗೊಂಡು ಹಳದಿಯಾಗಿದ್ದವು.

"ಗಟ್ಟಿಂಗ್ ಹಾಕಿಸಬೇಕಿತ್ತು," ಎಂದಳು.

ಗುಬ್ಬಿ ಕೈ ಚಾಚಿ ಬ್ಯಾಟು ತೆಗೆದುಕೊಂಡಳು. ಕತ್ತರಿಯಿಂದ ಹಳೆಯ ತಂತಿಯನ್ನು ನಡುವಿನಿಂದ ಕತ್ತರಿಸಿದಳು, ಚೂರುಗಳನ್ನು ಒಂದೊಂದಾಗಿ ಎಳೆದಳು, ಚೌಕಟ್ಟನ್ನು ಬಟ್ಟೆಯಿಂದ ಒರೆಸಿದಳು, ಯಂತ್ರಕ್ಕೆ ಸಿಕ್ಕಿಸಿ ತಿರುಪು ಬಿಗಿದಳು. ಎಷ್ಟು ಬಿಗಿ ಬೇಕೆಂದು ಕೇಳಲಿಲ್ಲ. ಏಣಿಯೂ ಹೇಳಲಿಲ್ಲ.

"ಯಾಕೆ ಮಾಡಿದೆ?" ಎಂದು ಗುಬ್ಬಿ ಬ್ಯಾಟಿಗೇ ಕೇಳಿದ ಹಾಗೆ ಕೇಳಿದಳು.

"ಕಾರಣ ಹೇಳಬಹುದು. ಮಂಡಿ ಹೋಗ್ತಿತ್ತು. ಆಟ ಹೋದ್ಮೇಲೆ ಏನು ಗತಿ ಅಂತ ಭಯ ಇತ್ತು." ಏಣಿ ನೆಲಕ್ಕೆ ಬಿದ್ದಿದ್ದ ಹಳೆಯ ತಂತಿಯ ಚೂರೊಂದನ್ನು ಎತ್ತಿಕೊಂಡಳು. "ನಿನಗೂ ಭಯ ಇತ್ತು. ನೀನು ಮಾಡಲಿಲ್ಲ. ಹಾಗಾಗಿ ಅದು ಕಾರಣ ಅಲ್ಲ."

ತಂತಿ ಯಂತ್ರದ ಹಿಡಿತದಲ್ಲಿ ಕಿರ್ರೆಂದು ಬಿಗಿಯಿತು.

"ಸೋತಿದ್ದಕ್ಕೆ ಕೋರ್ಟು ಶಿಕ್ಷೆ ಕೊಡ್ತು," ಎಂದಳು ಗುಬ್ಬಿ. "ನನ್ನ ತಲೆ ಸವರಿದೆಯಲ್ಲ, ಅದಕ್ಕೆ ಯಾರು ಕೊಡಬೇಕು?"

ಏಣಿ ಗೋಡೆಗೆ ಒರಗಿಕೊಂಡಳು. "ಅದನ್ನ ಅಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ನೀನು ಮಡಿಲಲ್ಲಿ ಅಳ್ತಿರೋವಾಗ ಬಾಯಿ ತನಕ ಬಂದಿತ್ತು ಕಣೇ. ನುಂಗಿದೆ. ಆಮೇಲೆ ನೀನು ಗೋಡೆಗೆ ಹೊಡೀತಾ ನಿಂತಿದ್ದು ದಿನಾ ನೋಡ್ದೆ, ಆಗಲೂ ನುಂಗಿದೆ. ಹೇಳಿಬಿಟ್ಟಿದ್ರೆ ನಿನ್ನ ಕೈ ಉಳೀತಿತ್ತು. ಜೈಲಲ್ಲಿ ನನಗೆ ಕನಸು ಬೀಳ್ತಿದ್ದದ್ದು ಫೈನಲ್ದಲ್ಲ, ಆ ಗೋಡೇದು." ಅವಳ ದನಿ ಒಡೆಯಿತು. "ನೀನು ಊಹೂಂ ಅಂದ್ರೂ ನಾನೇನೂ ಅಂದ್ಕೊಳಲ್ಲ ಗುಬ್ಬಿ. ನಿಜವಾಗ್ಲೂ. ನೀನು ಹೇಗಂದ್ರೆ ಹಾಗೆ."

ಈ ಮಾತಿಗೆ ಗುಬ್ಬಿಗೆ ರೇಗಿತು. ಏಣಿ ಅತ್ತಿದ್ದರೆ ಸಹಿಸುತ್ತಿದ್ದಳು, ಜಗಳವಾಡಿದ್ದರೆ ಸಹಿಸುತ್ತಿದ್ದಳು. ಹೀಗೆ ಒದ್ದರೂ ಸರಿ, ಎತ್ತಿಕೊಂಡರೂ ಸರಿ ಎನ್ನುವ ಹೆಂಗಸು ಅವಳಿಗೆ ಗುರುತೇ ಇರಲಿಲ್ಲ.

"ಅಂದ್ಕೋ! ಯಾಕೆ ಅಂದ್ಕೊಳಲ್ಲ?" ಎಂದಳು. "ನನಗೆ ಕ್ಷಮಿಸಿದೆ ಅನ್ನೋಕೂ ಬರ್ತಿಲ್ಲ, ತೊಲಗು ಅನ್ನೋಕೂ ಬರ್ತಿಲ್ಲ. ನಿನ್ನ ಮಾತು ನನಗೆ ಯಾವತ್ತೂ ಅರ್ಥ ಆಗಿರಲಿಲ್ಲ. ನಿನ್ನ ಆಟ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ, ಅದೂ ಸುಳ್ಳಾಯ್ತು. ಭಾನುವಾರ ಬೆಳಿಗ್ಗೆ ಹಾಲಿಗೆ ಬಾ. ನನ್ನ ಜೊತೆ ಒಂದು ಗೇಮ್ ಆಡು. ನೋಡಿ ಹೇಳ್ತೀನಿ."

"ನಾನು ಆಡೋಕಾ? ಎಲ್ರೂ ಇರ್ತಾರೆ."

"ಇರ್ಲಿ. ಯಾರೂ ಇಲ್ಲದ ಕಡೆ ಆಡಿದ್ರೆ ಗೋಡೆ ಹತ್ರ ಆಡಿದ ಹಾಗೇನೇ."

ಭಾನುವಾರದ ಆಟವೆಂದರೆ ಆ ಹಾಲಿನಲ್ಲಿ ದೊಡ್ಡವರ ಆಟ. ಹೊಟ್ಟೆ ಬಂದವರು, ಮಂಡಿ ಹೋದವರು, ವೈದ್ಯರು ಬೇಡವೆಂದವರು ಸೇರಿ ಒಂದೊಂದು ಗೇಮ್ ಆಡಿ ಚಹಾ ಕುಡಿದು ಹೋಗುತ್ತಾರೆ. ಅಂಪೈರ್ ಇಲ್ಲ. ನಿಮ್ಮ ಕಡೆ ಬಿದ್ದ ಶಟಲ್ ಒಳಗೋ ಹೊರಗೋ ನೀವೇ ಹೇಳಬೇಕು, ಹೇಳಿದ್ದನ್ನು ಎದುರಿನವರು ಒಪ್ಪಬೇಕು. ಅಲ್ಲಿನ ಕಾನೂನು ಇಷ್ಟೇ. ಆ ಭಾನುವಾರ ಮಾತ್ರ ಆಡುವವರಿಗಿಂತ ನೋಡುವವರೇ ಹೆಚ್ಚು. ವರ್ಷಗಳಿಂದ ಬಾರದವರು ಕೂಡ ಇದ್ದಕ್ಕಿದ್ದಂತೆ ಆರೋಗ್ಯದ ಕಾಳಜಿ ಹುಟ್ಟಿ ಬಂದಿದ್ದರು. ಅಮ್ಮ ಮೊದಲ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಎದುರಿಗೆ ಡಾಕ್ಟರು ಮತ್ತು ಅವರ ಸೊಸೆ. ಬೇರೆ ಯಾರೂ ಮುಂದೆ ಬರಲಿಲ್ಲ. ಸೊಸೆ ತಾನೇ ಆಡುತ್ತೇನೆ ಎಂದು ಬ್ಯಾಟು ಹಿಡಿದು ನಿಂತಾಗ ಮಾವನವರು ವಿಧಿಯಿಲ್ಲದೆ ಬೂಟಿನ ದಾರ ಕಟ್ಟಿಕೊಂಡರು. ಆಕೆಯದು ನೇರ ಮಾತು, ನೇರ ಆಟ. ಕೈಕುಲುಕುವಾಗ ಏಣಿಗೆ, "ನನಗೆ ನಿಮ್ಮ ಮೇಲೆ ದ್ವೇಷ ಇಲ್ಲ. ನನ್ನ ಮಗಳ ವಿಷಯ ಅಂತ ಅಷ್ಟೇ," ಎಂದಳು. ಏಣಿ ತಲೆಯಾಡಿಸಿದಳು.

ಆಟ ಶುರುವಾಯಿತು. ಏಣಿಯ ಮಂಡಿ ಪರವಾಗಿಲ್ಲ, ಕೈಯೂ ಪರವಾಗಿಲ್ಲ. ಅವಳ ಕಡೆಯಿಂದ ಒಂದೂ ಶಟಲ್ ನೆಟ್ಟಿಗೆ ಬೀಳಲಿಲ್ಲ, ಒಂದೂ ಹೊರಗೆ ಹೋಗಲಿಲ್ಲ. ಬೆಂಚುಗಳಿಂದ ಮೆಚ್ಚುಗೆಯ ಗುಸುಗುಸು ಎದ್ದಿತು. ಗುಬ್ಬಿಗೆ ಮಾತ್ರ ಅದು ಹಿಡಿಸಲಿಲ್ಲ. ಏಣಿ ಏನನ್ನೂ ತಪ್ಪುತ್ತಿರಲಿಲ್ಲ, ಏಕೆಂದರೆ ಏನನ್ನೂ ಹೊಡೆಯುತ್ತಿರಲಿಲ್ಲ. ಎಲ್ಲವನ್ನೂ ಅಂಕಣದ ನಟ್ಟನಡುವಿಗೆ, ಗೆರೆಗಳಿಂದ ಗಾವುದ ದೂರಕ್ಕೆ, ಹಸುಗೂಸಿಗೆ ಚೆಂಡು ಉರುಳಿಸುವ ಹಾಗೆ ಕಳಿಸುತ್ತಿದ್ದಳು. ಅದನ್ನು ಸೊಸೆ ಸರಿಯಾಗಿ ನೋಡಿ ಬಡಿಯುತ್ತಿದ್ದಳು, ಆ ಏಟು ಗುಬ್ಬಿಯ ಮೇಲೆ ಬರುತ್ತಿತ್ತು. ಪಾಯಿಂಟು ಹೋಗುತ್ತಿತ್ತು. ಆದರೆ ಏಣಿಯ ಲೆಕ್ಕಕ್ಕಲ್ಲ.

ಅರ್ಧ ಆಟ ಕಳೆಯುವಷ್ಟರಲ್ಲಿ ಗುಬ್ಬಿಗೆ ಅರ್ಥವಾಯಿತು. ಸೋತು ಜೈಲಿಗೆ ಹೋದವಳಿಗೆ ಸುಮ್ಮಸುಮ್ಮನೆ ಸೋಲುವ ಹಕ್ಕು ಇಲ್ಲ. ಬೇರೆ ಯಾರೇ ತಪ್ಪಿದರೂ ಅಯ್ಯೋ ಎನ್ನುತ್ತಾರೆ; ಇವಳು ತಪ್ಪಿದರೆ ಓಹೋ ಎನ್ನುತ್ತಾರೆ. ಮೈಯಲ್ಲಿದ್ದ ಆಟವನ್ನೆಲ್ಲ ಭಯ ತಿಂದುಹಾಕಿತ್ತು. ಅದನ್ನು ನೋಡಿ ಗುಬ್ಬಿಗೆ ಇಷ್ಟು ವರ್ಷದಲ್ಲಿ ಮೊದಲ ಸಲ ಏಣಿಯ ಬಗ್ಗೆ ಕರುಳು ಚುರುಕ್ಕೆಂದಿತು. ಬಿದ್ದವರನ್ನು ಕಂಡರೆ ಕರುಣೆ ಬರುವುದು ಸುಲಭ. ಅವಳಿಗೆ ಬಂದದ್ದು ಬೇರೆ. ಚೆನ್ನಾಗಿ ಹಾಡುತ್ತಿದ್ದವಳು ಮೂಕಿಯಾದದ್ದನ್ನು ಕಂಡ ಹಾಗಿನ ಸಂಕಟ.

ಅಷ್ಟರಲ್ಲಿ ಇಬ್ಬರ ನಡುವೆ ಒಂದು ಶಟಲ್ ಬಂತು. ಏಣಿ ಹಿಂದೆ ಸರಿದಳು. ಗುಬ್ಬಿಯ ಎಡಗಡೆ. ಯೋಚಿಸಲು ಪುರುಸೊತ್ತಿರಲಿಲ್ಲ, ಕೈ ತಾನಾಗಿ ತಿರುಗಿ ಬ್ಯಾಕ್‌ಹ್ಯಾಂಡಿನಲ್ಲಿ ಬೀಸಿತು. ಶಟಲ್ ನೆಟ್ಟನ್ನು ಸವರಿಕೊಂಡು ಆಚೆ ಬಿತ್ತು. ಡಾಕ್ಟರು ಅದನ್ನು ನೋಡುತ್ತಲೇ ಉಳಿದರು. ಮಣಿಕಟ್ಟು ನೊಂದಿತು, ಆದರೂ ಗುಬ್ಬಿ ಅದನ್ನು ಸ್ವಲ್ಪ ಹೊತ್ತು ಆಶ್ಚರ್ಯದಿಂದ ಹಿಡಿದುಕೊಂಡು ನಿಂತಳು. ಆಮೇಲೆ ಅವಳಿಗೂ ಹುರುಪು ಬಂತು. ಹಿಂದೆ ಬಿದ್ದಿದ್ದವರು ಹತ್ತಿರ ಹತ್ತಿರ ಬಂದರು. ಕೊನೆಗೆ ಎದುರಿನವರಿಗೆ ಗೆಲ್ಲಲು ಒಂದೇ ಪಾಯಿಂಟು ಬೇಕು, ಇವರು ಎರಡು ಪಾಯಿಂಟು ಹಿಂದೆ ಎಂಬಲ್ಲಿಗೆ ಆಟ ಬಂದು ನಿಂತಿತು.

ಗುಬ್ಬಿ ಹಿಂದೆ ತಿರುಗಿ ಏಣಿಯ ಬಳಿ ಹೋದಳು.

"ಏನು ಆಡ್ತಿದ್ದೀಯ ನೀನು?"

"ತಪ್ಪಬಾರದಲ್ಲ ಕಣೇ," ಎಂದಳು ಏಣಿ. ಬೆವರು ಅವಳ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ನಾನು ತಪ್ಪಿದ್ರೆ ಎಲ್ರೂ ಏನಂದ್ಕೋತಾರೆ?"

"ಎಲ್ರೂ ಹಾಳಾಗಿಹೋಗ್ಲಿ. ನಾನು ಅಂದ್ಕೊಳೋದು ಹೇಳ್ತೀನಿ ಕೇಳು. ಹೀಗೇ ಆಡಿದ್ರೆ ನಾನು ಊಹೂಂ ಅಂತೀನಿ. ಮಕ್ಕಳಿಗೆ ಇದನ್ನ ಕಲಿಸ್ತೀಯಾ, ಹೆದರಿ ಸಾಯೋದನ್ನ? ಹೊಡಿ. ತಪ್ಪಿದ್ರೆ ತಪ್ಲಿ."

"ನೀನು ನಂಬ್ತೀಯಾ?"

ಗುಬ್ಬಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿಲ್ಲ," ಎಂದಳು. "ಹೊಡಿ."

ಸೊಸೆ ಸರ್ವ್ ಮಾಡಿದಳು. ನಾಲ್ಕಾರು ಸಲ ಶಟಲ್ ಅತ್ತಿಂದಿತ್ತ ಹಾರಿತು. ಡಾಕ್ಟರು ಉಸಿರು ತೆಗೆದುಕೊಳ್ಳಲೆಂದು ಒಂದನ್ನು ಮಾಡಿನವರೆಗೆ ಎತ್ತಿದರು. ಅದು ಮೇಲೆ ತಿರುಗಿ ನಿಧಾನವಾಗಿ ಏಣಿಯ ತಲೆಯ ಮೇಲೆ ಇಳಿಯತೊಡಗಿತು. ಗುಬ್ಬಿ ಮುಂದೆ ನಿಂತು ಉಸಿರು ಹಿಡಿದಳು. ಹಿಂದಿನಿಂದ ನೆಲಕ್ಕೆ ಕಾಲು ಒತ್ತಿದ ಸದ್ದು ಬಂತು, ಆಮೇಲೆ ಗುಬ್ಬಿ ಎಷ್ಟೋ ವರ್ಷಗಳಿಂದ ಕೇಳದೆ ಇದ್ದ ಸದ್ದು ಬಂತು. ಹಾಲಿನ ಮಾಡು ಸಿಡಿದಂತೆ ಏಟು. ಶಟಲ್ ಡಾಕ್ಟರ ಬಲಭುಜದ ಪಕ್ಕದಲ್ಲಿ ಸುಯ್ಯೆಂದು ಹೋಗಿ ಮೂಲೆಯ ಗೆರೆಯ ಹತ್ತಿರ ನೆಲ ಕಚ್ಚಿತು.

ಎಲ್ಲರೂ ಸೊಸೆಯನ್ನು ನೋಡಿದರು. ಅವಳು ಗೆರೆಯನ್ನು ನೋಡಿದಳು.

"ಔಟ್," ಎಂದಳು ಸಣ್ಣಗೆ.

ಗುಬ್ಬಿಗೂ ಕಂಡಿತ್ತು. ಒಂದು ಹೆಬ್ಬೆರಳಷ್ಟು ಹೊರಗೆ. ಆಟ ಮುಗಿಯಿತು, ಸೋತರು, ಅದೂ ಏಣಿಯ ಕೈಯಿಂದ. ಬೆಂಚುಗಳಲ್ಲಿ ಕೂತವರೆಲ್ಲರ ತಲೆಯಲ್ಲೂ ಓಡುತ್ತಿದ್ದ ಮಾತು ಒಂದೇ, ಮತ್ತೆ ಬೇಕೆಂದೇ ಸೋತಳಾ ಎಂದು; ಅದು ಅವರವರ ಮುಖದ ಮೇಲೆ ಬರೆದ ಹಾಗಿತ್ತು.

"ಔಟಾ?"

ಏಣಿಯ ದನಿ. ಗುಬ್ಬಿ ತಿರುಗುವಷ್ಟರಲ್ಲಿ ಏಣಿ ಅವಳನ್ನು ದಾಟಿ, ನೆಟ್ಟಿನ ಕೆಳಗೆ ಬಗ್ಗಿ ನುಸುಳಿ, ಎದುರು ಅಂಕಣಕ್ಕೇ ನುಗ್ಗಿದ್ದಳು.

"ಯಾವ ಕಣ್ಣಲ್ಲಿ ನೋಡಿದ್ರೀ ನೀವು? ಗೆರೆ ಮೇಲೆ ಬಿತ್ತು! ಗೆರೆ ಮುಟ್ಟಿದ್ರೆ ಒಳಗೇ, ಎಳೆ ಮಗೂಗೂ ಗೊತ್ತು!"

"ಹೊರಗೇ ಬಿತ್ತು," ಎಂದಳು ಸೊಸೆ. ಅವಳೂ ಬಿಡುವವಳಲ್ಲ. "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

"ನಾನು ಕುಣಿಯಲಾರದೋಳಾ? ನಾನಾ? ಬನ್ನಿ ಇಲ್ಲಿ, ಬಗ್ಗಿ ನೋಡಿ!" ಏಣಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗೆರೆಯ ಮೇಲೆ ಬೆರಳು ಕುಟ್ಟಿದಳು. ಬಾಗಿದ್ದ ಭುಜ ಎಲ್ಲಿ ಹೋಯಿತೋ, ಮುಖ ಕೆಂಡದಂತಾಗಿತ್ತು. "ಇಲ್ಲೇ ಬಿತ್ತು. ಇಲ್ಲಿ! ಡಾಕ್ಟ್ರೇ, ನೀವು ಹೇಳಿ!"

"ನನಗೂ ಔಟ್ ಅಂತಲೇ..." ಎಂದು ಡಾಕ್ಟರು ತೊದಲಿದರು.

"ನೀವು ಬಿಡಿ, ಮಾವನಾಗಿ ಸೊಸೆಗೆ ಎದುರು ಹೇಳ್ತೀರಾ! ಮನೇಲಿ ಊಟ ಬೇಡವಾ ನಿಮಗೆ?"

ಯಾರೋ ಕಿಸಕ್ಕೆಂದು ನಕ್ಕರು. ಗುಬ್ಬಿ ನೆಟ್ಟಿನ ಹಗ್ಗ ಹಿಡಿದು ನಿಂತಿದ್ದಳು. ಅವಳ ಕಣ್ಣು ಮಂಜಾಗಿತ್ತು. ಕೋರ್ಟಿನಲ್ಲಿ ಆ ವಿಡಿಯೋವನ್ನು ಎಷ್ಟು ಸಲ ಓಡಿಸಿದ್ದರು. ಅದರಲ್ಲಿ ಏಣಿ ಒಂದೇ ಒಂದು ಗೆರೆಗೂ ತಕರಾರು ತೆಗೆದಿರಲಿಲ್ಲ. ಸೋಲಲೆಂದೇ ಆಡುವವರಿಗೆ ಗೆರೆ ಯಾಕೆ ಬೇಕು? ಈಗ ಇಲ್ಲಿ, ಬಹುಮಾನವಿಲ್ಲದ, ಹೊಟ್ಟೆ ಬಂದವರ ಭಾನುವಾರದ ಆಟದಲ್ಲಿ, ತನ್ನ ಹೊಟ್ಟೆಪಾಡು ಯಾರ ಕೈಯಲ್ಲಿದೆ ಎಂಬುದನ್ನೂ ಮರೆತು, ಹೆಬ್ಬೆರಳಷ್ಟು ನೆಲಕ್ಕಾಗಿ ಈ ಹೆಂಗಸು ಪ್ರಾಣ ಬಿಡುತ್ತಿದ್ದಾಳೆ. ಗೆಲ್ಲಬೇಕಿತ್ತು ಅವಳಿಗೆ. ಗುಬ್ಬಿಯ ಜೊತೆ ನಿಂತು ಗೆಲ್ಲಬೇಕಿತ್ತು. ಇದನ್ನು ಯಾರೂ ನಟಿಸಲಾರರು.

ಅಷ್ಟರಲ್ಲಿ ಏಣಿಗೆ ತಾನು ಎಲ್ಲಿದ್ದೇನೆ ಎಂಬುದು ನೆನಪಾಯಿತು. ಸುತ್ತ ನೋಡಿದಳು. ಬಾಯಿಯ ಮೇಲೆ ಕೈ ಹೋಯಿತು. ಮುಖದ ಕೆಂಪೆಲ್ಲ ಇಳಿದು ಬಿಳುಚಿಕೊಂಡಿತು. "ತಪ್ಪಾಯ್ತು," ಎಂದು ಪಿಸುಗುಟ್ಟಿದಳು. "ಬಾಯಿ ತಪ್ಪಿ... ದಯವಿಟ್ಟು..." ಮಾತು ಮುಂದುವರಿಯದೆ ಗೆರೆಯ ಪಕ್ಕದಲ್ಲೇ ಕುಸಿದು ಕೂತು ಮಂಡಿಗಳ ನಡುವೆ ತಲೆ ಹುದುಗಿಸಿದಳು. ಅವಳ ಉದ್ದನೆಯ ಬೆನ್ನು ಅಲುಗತೊಡಗಿತು.

ಸೊಸೆ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಅವಳನ್ನೇ ನೋಡುತ್ತ ನಿಂತಳು. ಆಮೇಲೆ ಮಾವನ ಕಡೆ ತಿರುಗಿ, "ನನ್ನ ಮಗಳೂ ಹೀಗೇ ಹಟ ಮಾಡ್ತಾಳೆ," ಎಂದಳು. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ. "ಇವಳನ್ನ ಅವಳು ಸಂಭಾಳಿಸ್ತಾಳೋ, ಅವಳನ್ನ ಇವಳೋ." ಬಾಟಲಿ ಹುಡುಕಿಕೊಂಡು ಹೋಗಿ ಏಣಿಯ ಪಕ್ಕದಲ್ಲಿ ನೀರು ಇಟ್ಟು ಬಂದಳು.

ಡಾಕ್ಟರು ಗುಬ್ಬಿಯ ಬಳಿ ಬಂದು ಕನ್ನಡಕ ಒರೆಸಿಕೊಂಡರು. ಕೇಳಬೇಕೆಂದಿದ್ದ ಮಾತು ಎಂದಿನಂತೆ ಅವರ ಬಾಯಿಯಿಂದ ಹೊರಡಲಿಲ್ಲ.

"ಹೂಂ ಅಂತ ಹೇಳಿ ಕಮಿಟಿಗೆ," ಎಂದಳು ಗುಬ್ಬಿ.

ಅವಳು ನೆಟ್ಟಿನ ಕೆಳಗೆ ಹೋಗಿ ಏಣಿಯ ಪಕ್ಕದಲ್ಲಿ ಕೂತಳು. ಕಳೆದ ಫೈನಲ್ ಹಿಂದೆ ಬರುವುದಿಲ್ಲ, ಕಳೆದ ಕೈ ಪೂರ್ತಿ ಬರುವುದಿಲ್ಲ. ಅದೆಲ್ಲ ಹಾಗೇ ಇತ್ತು. ಆದರೂ ಬೆವರಿನಲ್ಲಿ ತೊಯ್ದ ಆ ಭುಜಕ್ಕೆ ತನ್ನ ಭುಜ ತಾಗಿಸಿ ಕೂತಾಗ ಅವಳ ಎದೆಯೊಳಗೆ ಬಿಗಿದಿದ್ದ ಏನೋ ಒಂದು ಸಡಿಲವಾಯಿತು. ಕಣ್ಣೀರು ಕೆನ್ನೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಔಟ್ ಕಣೇ," ಎಂದಳು ಮೆಲ್ಲಗೆ. "ನಾನೂ ನೋಡ್ದೆ. ಚೆನ್ನಾಗಿ ಹೊಡೆದೆ, ಚೂರು ಹೊರಗೆ ಹೋಯ್ತು."

ಏಣಿ ತಲೆ ಎತ್ತದೆ, ಮಂಡಿಗಳ ನಡುವಿನಿಂದಲೇ, ಅಳುತ್ತಲೇ ಹೇಳಿದಳು.

"ಒಳಗೇ ಬಿದ್ದಿತ್ತು."